ಬಕೆಟ್ ಮೇಲೆ ಕಣ್ಣು, ಬೆನ್ನ ಹಿಂದೆ ಬಂಡೆ

(ಒಬ್ಬರು ಟೇಕಲ್ ಸುತ್ತಲಿನ ಕ್ವಾರಿಗಳಲ್ಲಿ ವರ್ಷಗಟ್ಟಲೆ ಹಿಟಾಚಿ ಓಡಿಸಿದ ಸೋದರಮಾವ. ಇನ್ನೊಬ್ಬಳು ಅವರ ಅಕ್ಕನ ಮಗಳು, ಮಾಲೂರಿನ ಕಾರ್ಖಾನೆಯೊಂದರಲ್ಲಿ ರೋಬೋ ಕೈಗಳಿಗೆ ಕೆಲಸ ಕಲಿಸುವವಳು. ಮಾತು ನಡೆದದ್ದು ಭಾನುವಾರ, ಊಟವಾದ ಮೇಲೆ.)

ಮಾವ: ಅಲ್ಲಮ್ಮ, ನಿಮ್ ಫ್ಯಾಕ್ಟರೀಲಿ ರೋಬೋ ಅದರ ಪಾಡಿಗೆ ಅದು ವೆಲ್ಡಿಂಗ್ ಮಾಡ್ಕೊಂಡು ನಿಂತಿರುತ್ತೆ ಅಂತೀಯ. ದೂರದಿಂದ ಅದನ್ನ ಆಡಿಸೋಕೆ ಒಬ್ಬ ಆಪರೇಟರ್ ಬೇಕು ಅಂತಾನೂ ಅಂತೀಯ. ಎರಡರಲ್ಲಿ ಯಾವ್ದು ನಿಜ?

ಸೊಸೆ: ಎರಡೂ ನಿಜ ಮಾವ. ಫ್ಯಾಕ್ಟರೀಲಿ ಕಬ್ಬಿಣದ ಭಾಗ ಪ್ರತಿಸಲ ಅದೇ ಜಾಗಕ್ಕೆ ಬಂದು ಕೂರುತ್ತೆ. ಸುತ್ತ ಬೇಲಿ, ಒಳಗೆ ನರಪಿಳ್ಳೆ ಇರಲ್ಲ. ಒಂದು ಸಲ ದಾರಿ ಕಲಿಸಿಬಿಟ್ರೆ ಸಾವಿರ ಸಲ ಅದೇ ದಾರೀಲಿ ಹೋಗಿ ಬರುತ್ತೆ. ನಿಮ್ಮ ಕ್ವಾರೀಲಿ ಹಾಗಲ್ಲ, ಬೆಳಿಗ್ಗೆ ಇದ್ದ ಬಂಡೆ ಸಾಯಂಕಾಲ ಇರಲ್ಲ. ಅಣುಸ್ಥಾವರದ ಒಳಗೆ, ಕುಸಿದ ಮನೆ ಒಳಗೆ, ರೋಗಿಯ ಹೊಟ್ಟೆ ಒಳಗೆ, ಎಲ್ಲಿ ಏನು ಅಡ್ಡ ಬರುತ್ತೆ ಅಂತ ಮೊದಲೇ ಬರೆದಿಡೋಕಾಗಲ್ಲ. ನೋಡಿ ತೀರ್ಮಾನ ಮಾಡೋಕೆ ಒಬ್ಬ ಮನುಷ್ಯ ಬೇಕು. ಅವನು ಅಲ್ಲಿ ಹೋಗಿ ನಿಲ್ಲೋ ಹಾಗಿಲ್ಲ, ಅಷ್ಟೆ.

ಮಾವ: ಕ್ವಾರೀಲೂ ನಿಲ್ಲೋ ಹಾಗಿಲ್ಲದ ಜಾಗ ಇದೆ ಕಣಮ್ಮ. ಮದ್ದು ತುಂಬಿ ಹಾರಿಸಿದ ಮೇಲೆ ಒಂದೊಂದು ಕುಳಿ ಸಿಡಿದೇ ಇರಲ್ಲ. ಮೇಲೆ ಕಲ್ಲು ಮುಚ್ಚಿರುತ್ತೆ, ಗೊತ್ತಾಗಲ್ಲ. ಅದರ ಮೇಲೆ ಕಲ್ಲೊಡೆಯೋ ಬ್ರೇಕರ್ ಇಟ್ರೆ ಮುಗೀತು ಕತೆ. 2021ರಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ರ ಜಿಲೆಟಿನ್ ಸಿಡಿದು ಆರು ಜನ ಹೋದ್ರಲ್ಲ, ಅದು ಬೇರೆ ಥರದ್ದು, ಕೆಲಸದಲ್ಲಿ ಆಗಿದ್ದಲ್ಲ. ಆದ್ರೂ ಬ್ರೇಕರ್ ಶುರು ಮಾಡೋ ಮುಂಚೆ ಅದು ಮನಸ್ಸಲ್ಲಿ ಒಂದು ಸಲ ಬಂದು ಹೋಗುತ್ತೆ.

ಸೊಸೆ: ಇದೇ ಥರದ ಕಷ್ಟ ಜಪಾನಿಗೆ ಬಂದಿತ್ತು. ಅಲ್ಲಿ ಉನ್ಜೆನ್ ಅಂತ ಒಂದು ಜ್ವಾಲಾಮುಖಿ. 1991ರಲ್ಲಿ ನಲವತ್ತಕ್ಕೂ ಹೆಚ್ಚು ಜನರನ್ನ ತಗೊಂಡು ಹೋಯ್ತು. ಕೆಳಗಿನ ಕಣಿವೆ ತುಂಬ ಬಂಡೆ, ಬೂದಿ. ತೆಗೀದೆ ಬಿಟ್ರೆ ಮಳೆ ನೀರಲ್ಲಿ ಕೆಸರಾಗಿ ಊರಿನ ಮೇಲೆ ಬರುತ್ತೆ, ತೆಗೆಯೋಕೆ ಹೋದ್ರೆ ಬೆಟ್ಟ ಮತ್ತೆ ಯಾವಾಗ ಕಾರುತ್ತೋ. 1994ರಿಂದ ಅಲ್ಲಿ ಹಿಟಾಚಿ, ಡೋಜರ್, ಟಿಪ್ಪರುಗಳನ್ನ ಸೀಟು ಖಾಲಿ ಬಿಟ್ಟೇ ಓಡಿಸಿದ್ರು. ಆಪರೇಟರುಗಳು ದೂರದಲ್ಲಿ ಕ್ಯಾಮೆರಾ ನೋಡ್ಕೊಂಡು ರೇಡಿಯೊ ಮೂಲಕ ಲಿವರ್ ಎಳೀತಿದ್ರು.

ಮಾವ: ಕೆಲಸ ಸಾಗ್ತಾ?

ಸೊಸೆ: ಸಾಗ್ತು. ಆದರೆ ಮೇಲೆ ಕೂತು ಮಾಡೋವಷ್ಟು ಬೇಗ ಆಗ್ತಿರಲಿಲ್ಲ.

ಮಾವ: ಹೆಂಗಾಗುತ್ತೆ? ಟಿವೀಲಿ ಬಕೆಟ್ಟು, ಹಿಂದಿನ ಕಲ್ಲು ಎರಡೂ ಒಂದೇ ಹಲಗೆ ಮೇಲೆ ಬರೆದಂಗೆ ಕಾಣುತ್ತೆ. ಮುಟ್ಟಿದೆಯೋ ಇನ್ನೂ ಒಂದು ಗಜ ದೂರ ಇದೆಯೋ ಹೇಳೋಕಾಗಲ್ಲ. ಅದಾದರೂ ಪರವಾಗಿಲ್ಲ ಅನ್ನು. ಕಿವಿಗೆ ಏನು ಮಾಡ್ತಾರೆ? ಬ್ರೇಕರ್ ಹೊಡೆಯೋವಾಗ ನಾನು ಕಣ್ಣಿಗಿಂತ ಕಿವೀನೇ ನಂಬೋದು. ಚಿಸಲ್ಲು ಕಲ್ಲಿನ ಮೇಲೆ ನೆಟ್ಟಗೆ ಕೂತಿದ್ರೆ ಒಂದು ಸದ್ದು, ಓರೆ ಕೂತಿದ್ರೆ ಇನ್ನೊಂದು. ಒಳಗೆ ಬಿರುಕು ಓಡೋಕೆ ಶುರುವಾಯ್ತು ಅಂದ್ರೆ ಆ ಖಣಖಣ ಹೋಗಿ ಸದ್ದು ಬಡ್ಡಾಗುತ್ತೆ. ಅಷ್ಟು ಹೊತ್ತಿಗೆ ಪೆಡಲಿಂದ ಕಾಲು ಎತ್ತಿರಬೇಕು. ಎತ್ತಲಿಲ್ಲ ಅಂದ್ರೆ ಕಲ್ಲು ಎರಡಾಗಿ ಬಿದ್ದು ಬ್ರೇಕರ್ ಗಾಳೀಲಿ ಹೊಡೆಯುತ್ತೆ. ಅವತ್ತೇ ಬೋಲ್ಟು, ಸೀಲು ಎಲ್ಲ ಕಿತ್ಕೊಂಡು ಹೋಗುತ್ತೆ. ಆಮೇಲೆ ಸೀಟು ಅಂತ ಒಂದಿದೆಯಲ್ಲ, ಮಿಷನ್ ಭಾರ ಯಾವ ಚೈನಿನ ಮೇಲೆ ವಾಲ್ತಿದೆ ಅಂತ ಸೊಂಟಕ್ಕೇ ಗೊತ್ತಾಗುತ್ತೆ.

ಸೊಸೆ: ಮೊದಲು ಇದನ್ನ ಮಾಡಿದೋನಿಗೂ ಅದೇ ಚಿಂತೆ ಇತ್ತು. ಅಮೆರಿಕದಲ್ಲಿ ಶಿಕಾಗೊ ಹತ್ರ ಆರ್ಗಾನ್ ಅನ್ನೋ ಪ್ರಯೋಗಾಲಯ, ಅಲ್ಲಿ ರೇಮಂಡ್ ಗೋರ್ಟ್ಸ್ ಅಂತ ಒಬ್ಬ ಇಂಜಿನಿಯರ್. 1940ರ ದಶಕದ ಕೊನೇಲಿ ವಿಕಿರಣ ಇರೋ ಸಾಮಾನು ಮುಟ್ಟೋಕೆ ಒಂದು ಜೋಡಿ ಕೈ ಕಟ್ಟಿದ. ದಪ್ಪ ಗಾಜಿನ ಈಚೆ ಒಂದು ಹಿಡಿ, ಆಚೆ ಒಂದು ಇಕ್ಕಳ, ನಡುವೆ ಬರೀ ಕಬ್ಬಿಣದ ಕೊಂಡಿ. ಈಚೆ ಕೈ ಹೇಗೆ ತಿರುಗಿದ್ರೆ ಆಚೆ ಇಕ್ಕಳ ಹಾಗೇ ತಿರುಗುತ್ತೆ. ಆಚೆ ಇಕ್ಕಳ ಏನಕ್ಕಾದ್ರೂ ತಗುಲಿದ್ರೆ ಆ ಒತ್ತು ಈಚೆ ಕೈಗೂ ಬರುತ್ತೆ. 1954ರ ಹೊತ್ತಿಗೆ ಕೊಂಡಿ ಬಿಟ್ಟು ಮೋಟರು, ತಂತಿಯಲ್ಲೇ ಆ ಒತ್ತನ್ನ ವಾಪಸ್ ತರೋದು ಕಲಿತರು. ನಮ್ಮ ಬಾಬಾ ಅಣುಸಂಶೋಧನಾ ಕೇಂದ್ರದೋರೂ ಅಂಥ ಕೈಗಳನ್ನ ಮಾಡ್ತಾರೆ.

(ಕೇಳುತ್ತಾ ಕೂತಿದ್ದ ನನಗೆ ಅನ್ನಿಸಿದ್ದು: ಈ ಜಿಲ್ಲೆಗೆ ದೂರದಿಂದ ಬಲ ತರಿಸಿಕೊಳ್ಳುವುದು ಹೊಸದಲ್ಲ. 1902ರಲ್ಲೇ ಸುಮಾರು 150 ಕಿಲೋಮೀಟರ್ ಆಚೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂತು. ಬಲ ಅಷ್ಟು ಸಲೀಸಾಗಿ ಬಂತು. ಕೈಯ ಹದ ತಂತಿಯ ಮೇಲೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು, ಬಂದರೂ ಅರೆಬರೆ.)

ಮಾವ: ಸರಿ, ಒತ್ತು ಬಂತು, ಸದ್ದೂ ಬಂತು ಅಂತಾನೇ ಇಟ್ಕೋ. ಆದ್ರೂ ಅಪಾಯ ಬೇರೆ ಕಡೆ ಇದೆ. ಹೊಸ ಹುಡುಗರು ಹಿಟಾಚಿ ಹತ್ತಿದ್ರೆ ಕಣ್ಣು ಎಲ್ಲಿರುತ್ತೆ ಹೇಳು?

ಸೊಸೆ: ಬಕೆಟ್ ಮೇಲೆ.

ಮಾವ: ಹ್ಞಾ. ಬಕೆಟ್ಟು ಯಾವತ್ತೂ ಯಾರಿಗೂ ಮೋಸ ಮಾಡಲ್ಲ, ಯಾಕಂದ್ರೆ ಎಲ್ಲರೂ ಅದನ್ನೇ ನೋಡ್ತಿರ್ತಾರೆ. ಹೊಡೆಯೋದು ಹಿಂಬದಿ. ಇಲ್ಲಿ ಮುಂದೆ ಎಡಕ್ಕೆ ಸ್ವಿಂಗ್ ಮಾಡಿದ್ರೆ ಹಿಂದೆ ಆ ಭಾರದ ಗುಂಡು ಬಲಕ್ಕೆ ಬರುತ್ತೆ. ಅಲ್ಲಿ ಬಂಡೆ ಇದ್ರೆ ಬಂಡೆ, ಟಿಪ್ಪರ್ ಇದ್ರೆ ಟಿಪ್ಪರ್, ಬೀಡಿ ಹಚ್ಚೋಕೆ ನಿಂತೋನಿದ್ರೆ ಅವನು. ಇನ್ನು ಮುಂದೆ ಬೂಮು ಮೇಲೆತ್ತಿದಾಗ ಅದರ ಗೂನು ಎಲ್ಲಿ ಹೋಗಿ ತಗುಲುತ್ತೆ ಅಂತ ಕ್ಯಾಬಿನ್ನಿಂದ ಕಾಣಲ್ಲ, ಕರೆಂಟ್ ಲೈನಿದ್ರಂತೂ ದೇವರೇ ಗತಿ. ಎಡಗೈ ಲಿವರಲ್ಲಿ ಸ್ವಿಂಗು, ಆರ್ಮು. ಬಲಗೈಯಲ್ಲಿ ಬೂಮು, ಬಕೆಟ್ಟು. ನಾಲ್ಕನ್ನೂ ಒಟ್ಟಿಗೆ ಬೆರೆಸಿ ಎಳೆದ್ರೆ ಬಕೆಟ್ಟು ನೆಟ್ಟಗೆ ಗೆರೆ ಎಳೆದಂಗೆ ಬರುತ್ತೆ. ಆ ಬೆರಕೆ ಕೈಗೆ ಹತ್ತೋಕೆ ವರ್ಷ ಹಿಡಿಯುತ್ತೆ. ಹಿಂಬದಿಯ ಗ್ಯಾನ ಬರೋಕೆ ಇನ್ನೂ ಜಾಸ್ತಿ.

ಸೊಸೆ: ರೋಬೋ ಕೈಯಲ್ಲಿ ಹಿಂಬದಿ ಅಂದ್ರೆ ಮೊಣಕೈ. ಒಂದು ನಿಮಿಷ ಮಾವ, ಅಂಗೈ ಮೇಜಿನ ಮೇಲೆ ಊರಿ. ಅಲುಗಾಡಿಸಬೇಡಿ. ಈಗ ಮೊಣಕೈ ಮಾತ್ರ ಮೇಲೆ ಎತ್ತಿ, ಇಳಿಸಿ.

ಮಾವ: ಹೂಂ, ಬರುತ್ತೆ.

ಸೊಸೆ: ಅಂಗೈ ಇದ್ದಲ್ಲೇ ಇದೆ, ಮೊಣಕೈ ಮಾತ್ರ ಅರ್ಧಚಂದ್ರ ಹಾಕ್ತು. ಒಂದು ಸಾಮಾನನ್ನ ಬೇಕಾದ ಜಾಗದಲ್ಲಿ ಬೇಕಾದ ಓರೆಯಲ್ಲಿ ಹಿಡಿಯೋಕೆ ಆರು ಚಲನೆ ಸಾಕು. ಮೂರು ಜಾಗಕ್ಕೆ, ಮೂರು ತಿರುವಿಗೆ. ಭುಜದಿಂದ ಮಣಿಕಟ್ಟಿನವರೆಗೆ ನಮ್ಮ ಕೈಗೆ ಏಳಿದೆ, ಒಂದು ಹೆಚ್ಚು. 2024ರ ಡಿಸೆಂಬರ್ 30ಕ್ಕೆ ಇಸ್ರೋದೋರು ಪಿಎಸ್‌ಎಲ್‌ವಿ-ಸಿ60ರಲ್ಲಿ ನಡೆದಾಡೋ ಒಂದು ರೋಬೋ ಕೈ ಕಳಿಸಿದ್ರಲ್ಲ, ಅದಕ್ಕೂ ಏಳು ಕೀಲು. ಆ ಹೆಚ್ಚಿನ ಒಂದನ್ನ ಕಂಪ್ಯೂಟರಿಗೆ ಒಪ್ಪಿಸಬಹುದು. ಆಪರೇಟರ್ ಹಸ್ತ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಹೇಳ್ತಾನೆ. ಮೊಣಕೈ ಗೋಡೆಗೆ ತಗುಲದ ಹಾಗೆ ಸರಿಸಿಕೊಳ್ಳೋದು ಮಿಷನ್ನಿನ ಪಾಡು. ಹಸ್ತ ಕೂದಲೆಳೆಯಷ್ಟೂ ಕದಲಲ್ಲ.

ಮಾವ: ಇದು ಚೆನ್ನಾಗಿದೆ. ನನ್ನ ಕೆಲಸಕ್ಕೆ ಕೈ ಹಾಕಲ್ಲ, ನನ್ನ ಬೆನ್ನು ಕಾಯುತ್ತೆ.

ಸೊಸೆ: ಹಸ್ತಕ್ಕೇ ಅಡ್ಡ ಬಂದ್ರೆ ಏನು ಮಾಡೋದು ಅನ್ನೋದಕ್ಕೂ ಉಪಾಯ ಇದೆ. 1986ರಲ್ಲಿ ಉಸಾಮಾ ಖತೀಬ್ ಅನ್ನೋರು ಒಂದು ದಾರಿ ತೋರಿಸಿದ್ರು. ಅಡ್ಡ ಇರೋ ಪ್ರತಿ ವಸ್ತುವೂ ಕೈಯನ್ನ ದೂರ ತಳ್ಳುತ್ತೆ, ತಲುಪಬೇಕಾದ ಜಾಗ ಹತ್ರ ಎಳೆಯುತ್ತೆ ಅಂತ ಲೆಕ್ಕದಲ್ಲಿ ಅಂದ್ಕೊಳ್ಳೋದು. ಹತ್ರ ಹೋದಷ್ಟೂ ತಳ್ಳೋದು ಜೋರು. ಈ ಎರಡನ್ನೂ ಕೂಡಿಸಿದ್ರೆ ಕೈ ತಾನಾಗಿ ಬಳಸಿಕೊಂಡು ಹೋಗುತ್ತೆ.

ಮಾವ: ಎರಡು ಬಂಡೆ ಸಂದೀಲಿ ಸಿಕ್ಕಿದ್ರೆ? ಈ ಕಡೆಯದೂ ತಳ್ಳುತ್ತೆ, ಆ ಕಡೆಯದೂ ತಳ್ಳುತ್ತೆ.

ಸೊಸೆ: ಅಲ್ಲೇ ನಿಂತುಬಿಡುತ್ತೆ. ಅದು ಆ ಲೆಕ್ಕದ ಹಳೇ ರೋಗ. ಮೂರು ಕಡೆ ಮುಚ್ಚಿರೋ ಮೂಲೇಲೂ ಹಾಗೇ, ಒಳಗೆ ಹೋಗಿ ಹೊರಗೆ ಬರೋಕೆ ಗೊತ್ತಾಗಲ್ಲ.

ಮಾವ: ನಾನು ಕೇಳೋದು ಇನ್ನೂ ಒಂದಿದೆ. ನಮ್ಮ ಟೇಕಲ್ ಗುಡ್ಡ ನೋಡಿದೀಯಲ್ಲ, ಬಂಡೆ ಮೇಲೆ ಬಂಡೆ. ಕ್ವಾರೀಲಿ ಎರಡು ದೊಡ್ಡ ಕಲ್ಲಿನ ಮಧ್ಯೆ ಒಂದು ಕಲ್ಲು ಕಚ್ಕೊಂಡಿರುತ್ತೆ. ಅದನ್ನ ಬಿಡಿಸಬೇಕಂದ್ರೆ ಬಕೆಟ್ ಹಲ್ಲನ್ನ ಸಂದಿಗೆ ತೂರಿಸಿ, ಪಕ್ಕದ ಬಂಡೆಗೇ ಒರಗಿಸಿ ಮೀಟಬೇಕು. ಇಲ್ಲಿ ಅಡ್ಡ ಯಾವುದು, ಕೆಲಸ ಯಾವುದು? ಕಲ್ಲೇ ಅಡ್ಡ, ಕಲ್ಲೇ ಕೆಲಸ. ನಾನು ಮೀಟೋಕೆ ಹೋಗ್ತೀನಿ, ನಿನ್ನ ಮಿಷನ್ನು ‘ಬಂಡೆ ಇದೆ, ಹುಷಾರು’ ಅಂತ ಹಿಂದಕ್ಕೆ ತಳ್ಳುತ್ತೆ. ಮಧ್ಯಾಹ್ನದೊಳಗೆ ಅದರ ವೈರು ಕಿತ್ತು ಬಿಸಾಕ್ತೀನಿ.

ಸೊಸೆ: ಅದು ನಿಜವಾದ ಗಂಟು. ಯಾವ ಕಲ್ಲು ಅಡ್ಡ ಅನ್ನೋದು ಕಲ್ಲಲ್ಲಿಲ್ಲ, ನಿಮ್ಮ ಮನಸ್ಸಲ್ಲಿದೆ. ಕ್ಯಾಮೆರಾ ಎಷ್ಟೇ ಚೆನ್ನಾಗಿರಲಿ, ಅದು ಕಾಣಲ್ಲ. ಹಾಗಾಗಿ ಈಗ ಮಿಷನ್ ಮೊದಲು ನಿಮ್ಮ ಲಿವರ್ ಚಲನೆ ನೋಡಿ ಊಹೆ ಮಾಡುತ್ತೆ, ಇವರು ಯಾವ ಕಲ್ಲಿಗೆ ಹೋಗ್ತಿದ್ದಾರೆ ಅಂತ. ಊಹೆ ಗಟ್ಟಿಯಾದಷ್ಟೂ ಸಹಾಯ ಜಾಸ್ತಿ, ಗಟ್ಟಿ ಇಲ್ಲದಿದ್ರೆ ಸುಮ್ಮನಿರುತ್ತೆ. ಅಂಕಾ ಡ್ರಾಗನ್, ಸಿದ್ಧಾರ್ಥ ಶ್ರೀನಿವಾಸ ಅನ್ನೋ ಇಬ್ಬರು 2013ರಲ್ಲಿ ಇದನ್ನ ಜನರ ಕೈಲಿ ಮಾಡಿಸಿ ನೋಡಿದ ಬರಹ ಇದೆ. ಕಷ್ಟದ ಕೆಲಸದಲ್ಲಿ ಊಹೆ ಸರಿಯಾಗಿದ್ರೆ ಧಾರಾಳವಾದ ಸಹಾಯಾನೇ ಜನಕ್ಕೆ ಇಷ್ಟ. ಊಹೆ ತಪ್ಪಿದ್ರೆ ಸಂಕೋಚದ ಸಹಾಯಾನೇ ವಾಸಿ.

ಮಾವ: ಇದಕ್ಕೆ ಬರಹ ಬೇಕಿತ್ತಾ? ಹೊಸ ಕ್ಲೀನರ್ ಹುಡುಗನ್ನ ಸಿಗ್ನಲ್ಲಿಗೆ ನಿಲ್ಲಿಸಿದ್ರೆ ಒಂದೇ ದಿನದಲ್ಲಿ ಗೊತ್ತಾಗುತ್ತೆ.

ಸೊಸೆ: ಬೇಕಿತ್ತು ಮಾವ. ಮಿಷನ್ ಮಾಡೋರಲ್ಲಿ ಬಹಳ ಜನಕ್ಕೆ, ಸಹಾಯ ಜಾಸ್ತಿ ಆದಷ್ಟೂ ಒಳ್ಳೇದು ಅಂತಾನೇ ಇರುತ್ತೆ.

ಮಾವ: ಆ ಕ್ಲೀನರ್ ಹುಡುಗನ ವಿಷಯ ತಮಾಷೆಗೆ ಹೇಳಿದ್ದಲ್ಲ. ಒಳ್ಳೇ ಸಿಗ್ನಲ್ ಹುಡುಗ ಮಾತು ಕಡಿಮೆ. ನಾನು ನೋಡ್ತಿರೋದನ್ನ ನನಗೇ ಹೇಳಲ್ಲ. ಹಿಂದೆ ಟಿಪ್ಪರ್ ಬಂತಾ, ಕೈ ಎತ್ತುತ್ತಾನೆ. ಕೆಟ್ಟ ಹುಡುಗ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೈ ಬೀಸ್ತಾನೇ ಇರ್ತಾನೆ. ಸ್ವಲ್ಪ ಹೊತ್ತಾದ್ರೆ ನಾನು ಅವನ ಕಡೆ ನೋಡೋದೇ ಬಿಡ್ತೀನಿ. ನಮ್ಮಪ್ಪ ಕೆಜಿಎಫ್‌ನಲ್ಲಿ ವೈಂಡಿಂಗ್ ಇಂಜಿನ್ ಓಡಿಸ್ತಿದ್ರು ಗೊತ್ತಲ್ಲ?

ಸೊಸೆ: ಅಜ್ಜಿ ಹೇಳ್ತಿದ್ರು. ಜನರನ್ನ ಗಣಿ ಒಳಗೆ ಇಳಿಸೋ ಇಂಜಿನ್ನು.

ಮಾವ: ಒಬ್ಬರ ಮುಖಾನೂ ಕಾಣ್ತಿರಲಿಲ್ಲ. ಇಂಜಿನ್ ಮನೇಲಿ ಕೂತಿರೋರು ಇವರು. ಚಾಂಪಿಯನ್ ರೀಫ್ ಕಡೆ ಗಣಿ ಮೂರು ಕಿಲೋಮೀಟರಿಗೂ ಮೇಲೆ ಆಳ ಹೋಗಿತ್ತು, ಅಷ್ಟು ದೂರವನ್ನ ಹಂತ ಹಂತವಾಗಿ ಶಾಫ್ಟು ಬದಲಾಯಿಸ್ಕೊಂಡು ಇಳೀಬೇಕು. ಕಬ್ಬಿಣದ ಹಗ್ಗಕ್ಕೆ ನೇತಾಡ್ತಿರೋ ಪಂಜರ, ಅದರ ತುಂಬ ಜನ. ಇವರ ಮುಂದೆ ಒಂದು ಮುಳ್ಳು, ಪಂಜರ ಎಷ್ಟು ಆಳದಲ್ಲಿದೆ ಅಂತ ತೋರಿಸೋಕೆ. ಮತ್ತೆ ಗಂಟೆ. ಕೆಳಗಿನೋರು ಬಾರಿಸೋ ಗಂಟೆ ಲೆಕ್ಕದ ಮೇಲೆ ಏರಿಸೋದು, ಇಳಿಸೋದು, ಜನ ಹತ್ತಿದಾರೆ ಅನ್ನೋದು. ಪಂಜರ ಓಡ್ತಿರೋವಾಗ ಒಂದೇ ಒಂದು ಗಂಟೆ ಬಂದ್ರೆ ನಿಲ್ಲಿಸು ಅಂತ. ಎಲ್ಲಕ್ಕಿಂತ ಅರ್ಜೆಂಟಾದ ಮಾತಿಗೆ ಎಲ್ಲಕ್ಕಿಂತ ಕಮ್ಮಿ ಗಂಟೆ, ನೋಡಿದೀಯ? ಅರ್ಥ ಆಗದ ಗಂಟೆ ಬಂದ್ರೆ ಅಪ್ಪ ಇಂಜಿನ್ ಮುಟ್ತಾನೇ ಇರಲಿಲ್ಲವಂತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ ಆ ಗಂಟೇನೇ ನಂಬ್ಕೊಂಡು ಸಾವಿರಾರು ಜನ ಇಳಿದು ಹತ್ತಿದ್ರು.

ಸೊಸೆ: ಈಗಿನ ರೋಬೋ ಪರದೆ ನೋಡಿದ್ರೆ ತಾತ ಏನಂತಿದ್ರೋ. ಕೆಂಪು, ಹಳದಿ, ಬೀಪು. ಇದಕ್ಕೆ ವಾಸಿಯಾದ ಒಂದು ದಾರಿ ಇದೆ, ಹೇಳೋ ಬದಲು ಕೈಗೆ ತಿಳಿಸೋದು. 1992ರ ಸುಮಾರಿಗೆ ಲೂಯಿಸ್ ರೋಸೆನ್‌ಬರ್ಗ್ ಅನ್ನೋನು ಅಮೆರಿಕದ ವಾಯುಪಡೆ ಪ್ರಯೋಗಾಲಯದಲ್ಲಿ ಇಲ್ಲದ ಗೋಡೆಯನ್ನ ಕೈಗೆ ಮುಟ್ಟಿಸಿದ. ನಾವು ಗೆರೆ ಎಳೆಯೋಕೆ ಸ್ಕೇಲ್ ಇಟ್ಕೊಳ್ತೀವಲ್ಲ, ಪೆನ್ಸಿಲ್ಲು ತಾನಾಗಿ ಅದಕ್ಕೆ ಒರಗಿಕೊಂಡು ಓಡುತ್ತೆ, ಹಾಗೆ. ಲಿವರ್ ಆ ಕಡೆ ತಳ್ಳಿದ್ರೆ ಗಟ್ಟಿಯಾಗುತ್ತೆ, ಈ ಕಡೆಗೆ ಸಲೀಸು. ಏನೂ ಓದಬೇಕಾಗಿಲ್ಲ.

ಮಾವ: ಅದನ್ನ ಹಿಂಬದಿಗೆ ಹಾಕು. ಸ್ವಿಂಗ್ ಮಾಡೋವಾಗ ಹಿಂದೆ ಯಾರಾದ್ರೂ ಇದ್ರೆ ಎಡಗೈ ಲಿವರ್ ಗಟ್ಟಿಯಾಗ್ಲಿ. ಬಕೆಟ್ ಕಡೆ ಬೇಡ, ಅದು ನಂದು. ನಾನು ಎಲ್ಲಿ ನೋಡ್ತಿದೀನೋ ಅಲ್ಲಿ ನನ್ನ ಬಿಟ್ಬಿಡಬೇಕು. ಎಲ್ಲಿ ನೋಡ್ತಿಲ್ವೋ ಅಲ್ಲಿ ನೀನು ಕಾಯಿ. ಮತ್ತೆ ಕದ್ದು ಕಾಯಬೇಡ. ತಡೆದಿದೀಯ ಅಂತ ನನ್ನ ಕೈಗೆ ಗೊತ್ತಾಗಬೇಕು. ಇಲ್ಲಾಂದ್ರೆ ನಾನು ಮಿಷನ್ನು ಸ್ಲೋ ಆಯ್ತು, ಪಂಪು ಹೋಯ್ತು ಅಂದ್ಕೊಂಡು ಇನ್ನೂ ಜೋರಾಗಿ ಎಳೀತೀನಿ.

ಸೊಸೆ: ದೂರ ಜಾಸ್ತಿ ಆದ್ರೆ ಕೈಗೆ ತಿಳಿಸೋದೂ ಕಷ್ಟ. ನೀವು ಲಿವರ್ ಎಳೆದದ್ದು ಅಲ್ಲಿ ಹೋಗಿ, ಅಲ್ಲಿನ ಒತ್ತು ಇಲ್ಲಿಗೆ ಬರೋಷ್ಟರಲ್ಲಿ ತಡ ಆಗಿರುತ್ತೆ. ತಡವಾಗಿ ಬಂದ ಒತ್ತು ಕೈಯನ್ನ ದಾರಿ ತಪ್ಪಿಸುತ್ತೆ. 2001ರ ಸೆಪ್ಟೆಂಬರ್ 7ಕ್ಕೆ ನ್ಯೂಯಾರ್ಕಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿದ್ದ ರೋಗಿಗೆ ಪಿತ್ತಕೋಶದ ಆಪರೇಷನ್ ಮಾಡಿದ್ರು. ಅವರಿಗೆ ತಡ ಸೆಕೆಂಡಿನ ಆರನೇ ಒಂದು ಭಾಗದಷ್ಟೇ ಇತ್ತು, ಸಾಗ್ತು. ಚಂದ್ರನವರೆಗೆ ಹೋಗಿ ಬರೋಕೆ ಸಿಗ್ನಲ್ಲಿಗೆ ಎರಡೂವರೆ ಸೆಕೆಂಡು ಬೇಕು. ಆಗ ಜನ ತಾವಾಗೇ ಏನು ಮಾಡ್ತಾರೆ ಅಂತ 1960ರ ದಶಕದಲ್ಲೇ ಶೆರಿಡನ್, ಫೆರೆಲ್ ಅನ್ನೋರು ಕಂಡ್ಕೊಂಡ್ರು. ಸ್ವಲ್ಪ ಅಲ್ಲಾಡಿಸ್ತಾರೆ, ಕೈ ಬಿಟ್ಟು ಕಾಯ್ತಾರೆ, ನೋಡ್ತಾರೆ, ಮತ್ತೆ ಸ್ವಲ್ಪ.

ಮಾವ: ನಮ್ಮ ಚಂದ್ರಯಾನದ ಗಾಡೀನೂ ಹಂಗೇನಾ?

ಸೊಸೆ: ಹಾಗೇ. ಪ್ರಜ್ಞಾನ್‌ನ ಬೆಂಗಳೂರಲ್ಲಿರೋ ಇಸ್ರೋ ಕೇಂದ್ರ ಇಸ್ಟ್ರಾಕ್‌ನಿಂದ ನಡೆಸ್ತಿದ್ರು. ಗಾಡಿಯ ಕ್ಯಾಮೆರಾ ಫೋಟೊ ಕಳಿಸೋದು, ಇಲ್ಲಿ ಕೂತು ನೆಲದ ಏರು ತಗ್ಗಿನ ನಕ್ಷೆ ಮಾಡೋದು, ದಾರಿ ಗೊತ್ತು ಮಾಡಿ ಆಜ್ಞೆ ಕಳಿಸೋದು. ಒಂದು ಸಲಕ್ಕೆ ಹೆಚ್ಚು ಅಂದ್ರೆ 5 ಮೀಟರು. 2023ರ ಆಗಸ್ಟ್ 27ಕ್ಕೆ ಗಾಡಿಯಿಂದ 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಕಾಣಿಸ್ತು. ಹಿಂದಕ್ಕೆ ಕರೆಸ್ಕೊಂಡು ಬೇರೆ ದಾರೀಲಿ ಕಳಿಸಿದ್ರು.

ಮಾವ: ಕಂಡಷ್ಟೇ ನಡೆಸಿದ್ರು. ಸರಿಯಾದ ಕೆಲಸ. ನಿನ್ನ ಕೈಲಿ ಯಾವ ಲಿವರ್ ಇರುತ್ತೆ, ಅದನ್ನ ಹೇಳಲಿಲ್ಲ.

ಸೊಸೆ: ಲಿವರ್ ಅಲ್ಲ, ಪೆಂಡೆಂಟ್. ದಪ್ಪ ಟ್ಯಾಬ್ ಥರ ಇರುತ್ತೆ. ದಾರಿ ಕಲಿಸೋಕೆ ಬೇಲಿ ಒಳಗೆ ಹೋಗ್ತೀವಲ್ಲ, ಆಗ ರೋಬೋ ಸೆಕೆಂಡಿಗೆ 250 ಮಿಲಿಮೀಟರಿಗಿಂತ ಜೋರಾಗಿ ಓಡೋ ಹಾಗಿಲ್ಲ. ಪೆಂಡೆಂಟ್ ಹಿಂದೆ, ಎಡಗೈ ಬೆರಳು ಬರೋ ಕಡೆ ಒಂದು ಸ್ವಿಚ್ ಇದೆ. ಅದನ್ನ ಅರ್ಧ ಒತ್ತಿ ಹಿಡಿದಿದ್ರೆ ಮಾತ್ರ ಕೈ ಅಲುಗುತ್ತೆ. ಬಿಟ್ರೆ ನಿಲ್ಲುತ್ತೆ.

ಮಾವ: ಬಿಟ್ರೆ ನಿಲ್ಲೋದು ಎಲ್ಲ ಮಿಷನ್ನಲ್ಲೂ ಇದೆ ಬಿಡು.

ಸೊಸೆ: ಪೂರ್ತಿ ಗಟ್ಟಿಯಾಗಿ ಹಿಂಡಿದ್ರೂ ನಿಲ್ಲುತ್ತೆ ಮಾವ.

ಮಾವ: ಹೌದಾ? ತಡಿ, ತಡಿ. ಗಾಬರಿ ಆದೋನು ಕೈ ಬಿಡೋದೇ ಇಲ್ಲ. ಇನ್ನೂ ಗಟ್ಟಿಯಾಗಿ ಹಿಡ್ಕೊಂಡುಬಿಡ್ತಾನೆ. ಒಬ್ಬ ಹೊಸಬ ಹಿಂಬದಿಯಿಂದ ಟಿಪ್ಪರ್ ಕ್ಯಾಬಿನ್ನು ಅಪ್ಪಚ್ಚಿ ಮಾಡಿದ್ದು ನಾನೇ ನೋಡಿದೀನಿ. ಪುಣ್ಯಕ್ಕೆ ಡ್ರೈವರ್ ಕೆಳಗಿದ್ದ. ಎಲ್ಲರೂ ಕೂಗ್ತಿದೀವಿ, ಇವನು ಲಿವರ್ ಬಿಡದೆ ಹಿಡ್ಕೊಂಡು ಕೂತಿದಾನೆ, ಮಿಷನ್ನು ತಿರುಗ್ತಾನೇ ಇದೆ. ಇದನ್ನ ಯೋಚನೆ ಮಾಡಿದೋನು ಯಾರೋ ಒಂದು ಸಲನಾದ್ರೂ ಹೆದರಿದಾನೆ ಕಣಮ್ಮ. ನೀನು ಇಷ್ಟು ಹೊತ್ತು ಹೇಳಿದ್ರಲ್ಲಿ ಈ ಸ್ವಿಚ್ಚೇ ನನಗೆ ಹಿಡಿಸಿದ್ದು.

ಸೊಸೆ: ನಾಳೆ ಟೇಕಲ್ಲಲ್ಲೇ ಒಂದು ರೂಮಿಟ್ಟು, ಏಸಿ ಹಾಕಿ, ಇಲ್ಲಿ ಕೂತು ಕ್ವಾರಿ ಹಿಟಾಚಿ ಓಡಿಸಿ ಅಂದ್ರೆ ಒಪ್ತೀರಾ? ಧೂಳಿರಲ್ಲ.

ಮಾವ: ಧೂಳಿರಲ್ಲ ಅಂದ್ರೆ ಎರಡು ಸಲ ಯೋಚಿಸ್ತೀನಿ. ಕ್ವಾರೀಲಿ ಜೊತೆಗಿದ್ದೋರು ಎದೆ ಹಿಡ್ಕೊಂಡು ಕೆಮ್ಮೋದು ನೋಡಿದೀನಿ. ಆದ್ರೆ ಆ ರೂಮು ಟೇಕಲ್ಲಲ್ಲೇ ಯಾಕಿರುತ್ತೆ? ವೈರ್ ಎಳೆದ ಮೇಲೆ ಬೆಂಗಳೂರಲ್ಲೂ ಇಡಬಹುದು, ಇನ್ನೂ ಕಮ್ಮಿ ಸಂಬಳಕ್ಕೆ ಒಪ್ಪೋರು ಎಲ್ಲಿದಾರೋ ಅಲ್ಲೂ ಇಡಬಹುದು. ಆಗ ಮಾರಿಕುಪ್ಪಂ ರೈಲು ಹತ್ಕೊಂಡು ನಾನು ದಿನಾ ಹೋಗಿ ಬರಬೇಕು.

ಸೊಸೆ: ಆ ರೂಮಲ್ಲಿ ಹೆಂಗಸರೂ ಕೂರಬಹುದಲ್ಲ ಮಾವ. ಈಗ ಕ್ವಾರೀಲಿ ಅವರಿಗೆ ಜಲ್ಲಿ ಹೊರೋದು ಬಿಟ್ರೆ ಬೇರೇನು ಕೊಡ್ತಾರೆ?

ಮಾವ: ಕೂರಲಿ, ಬೇಡ ಅಂದೋರ್ಯಾರು? ನಮ್ಮಪ್ಪ ಕೂತಿದ್ದಂಥ ಕೆಲಸಾನೇ ತಾನೆ ಅದು. ನಾನು ಹೇಳೋದೇ ಬೇರೆ. ಈ ಬೆನ್ನು ಕಾಯೋ ವಿದ್ಯೆಗೆ ದೂರ ಯಾಕೆ ಬೇಕು? ನಾನು ಇವತ್ತು ಕೂತಿರೋ ಮಿಷನ್ನಿಗೇ ಹಾಕ್ಲಿ. ಹಿಂದೆ ಮೂರು ಕಡೆ ಕ್ಯಾಮೆರಾ, ಯಾರಾದ್ರೂ ಬಂದ್ರೆ ಸ್ವಿಂಗ್ ಲಿವರ್ ಗಟ್ಟಿ. ಆಗಲ್ವಾ?

ಸೊಸೆ: ಆಗುತ್ತೆ. ಹೊಸ ಮಿಷನ್ನುಗಳಲ್ಲಿ ಸುತ್ತ ಕ್ಯಾಮೆರಾ, ಹತ್ರ ಜನ ಬಂದ್ರೆ ಎಚ್ಚರಿಸೋದು ಬರ್ತಿದೆ. ಹಳೇದಕ್ಕೂ ಕ್ಯಾಮೆರಾ ಕೂರಿಸಬಹುದು, ಅಂಥ ದುಬಾರಿ ಏನಲ್ಲ. ಕ್ವಾರೀಲಿ ಕಷ್ಟ ಆಗೋದು ಅದರ ಗಾಜು. ಬೆಳಿಗ್ಗೆ ಒರೆಸಿದ್ದು ಗಂಟೆ ಹೊತ್ತಿಗೆ ಧೂಳು ಮೆತ್ಕೊಂಡಿರುತ್ತೆ.

ಮಾವ: ಹಾಗಾದ್ರೆ ಒರೆಸೋಕೆ ಒಬ್ಬ ಹುಡುಗನ್ನ ಇಡ್ತಾರೆ. ಅವನು ಬಟ್ಟೆ ಹಿಡ್ಕೊಂಡು ನಿಲ್ಲೋದು ಎಲ್ಲಿ? ಮಿಷನ್ ಹಿಂದೆ!

ಸೊಸೆ: ಮಿಷನ್ ಆಫ್ ಮಾಡಿ ಒರೆಸಬೇಕು ಮಾವ.

ಮಾವ: ಆಫ್ ಮಾಡೋಕೆ ನಾನು ರೆಡಿ. ಟಿಪ್ಪರಿನೋರು ಸಾಲಾಗಿ ನಿಂತಿರ್ತಾರೆ, ಲೋಡಿನ ಲೆಕ್ಕಕ್ಕೆ ಅವರಿಗೆ ದುಡ್ಡು. ಆ ಲೆಕ್ಕ ಬರೆಯೋನನ್ನ ಮೊದಲು ಒಪ್ಪಿಸ್ಕೊಂಡು ಬಾ, ಆಮೇಲೆ ಕ್ಯಾಮೆರಾ ತಗೊಂಡು ಬಾ.